ನಡುಹೊಳೆಯಲ್ಲಿ ಇಳಿಯುವವನು

ನಮ್ಮೂರಿನ ದೋಣಿ ನಡುಹೊಳೆಗೆ ಬಂದ ಕೂಡಲೇ ನಿಂತುಬಿಡುತ್ತದೆ. ಕೂತವರಲ್ಲಿ ಒಬ್ಬರು ನೀರಿಗೆ ಇಳಿಯುವವರೆಗೆ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಒಬ್ಬರು ಇಳಿದರೆ ಹೊರಡುತ್ತದೆ. ನನ್ನ ಅಪ್ಪನ ಕಾಲದಲ್ಲೂ ಹೀಗೇ ಇತ್ತು, ಅವನ ಅಪ್ಪನ ಕಾಲದಲ್ಲೂ ಹೀಗೇ. ಹೊಸ ದೋಣಿ ಕಟ್ಟಿಸಿ ನೋಡಿದರು, ಅದೂ ನಿಂತಿತು. ಸೇತುವೆ ಕಟ್ಟುತ್ತೇವೆಂದು ಬಂದ ಇಂಜಿನಿಯರುಗಳು ಅಳತೆ ಮಾಡಲು ಇದೇ ದೋಣಿ ಹತ್ತಬೇಕಾಯಿತು. ಅವರಲ್ಲೊಬ್ಬರು ಬೂಟು ಸಮೇತ ಇಳಿದರು, ಆಮೇಲೆ ಆ ಕಡತ ಎಲ್ಲಿ ಹೋಯಿತೋ ಗೊತ್ತಿಲ್ಲ. ಪರ ಊರಿನವರು ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನಮಗೆ ಅದರಲ್ಲಿ ಅಂಥ ವಿಶೇಷ ಕಾಣುವುದಿಲ್ಲ. ಎಲ್ಲ ಊರಿಗೂ ಒಂದೊಂದು ತೊಡಕು ಇದ್ದೇ ಇರುತ್ತದೆ. ಒಂದೂರಿಗೆ ಮಂಗಗಳ ಕಾಟ, ಇನ್ನೊಂದೂರಿಗೆ ಉಪ್ಪುನೀರು, ನಮಗೆ ಇದು.

ಆ ದೋಣಿ ನಡೆಸುವವಳು ನಾನು, ಕೆಂಪಾಜಮ್ಮ. ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲ, ಹುಟ್ಟು ನನ್ನ ಕೈಗೆ ಬಂತು. ಹುಟ್ಟು ಹಾಕುವವರನ್ನು ದೋಣಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಯಾರು ಇಳಿಯಬೇಕೆಂಬ ಮಾತಿನಲ್ಲಿ ಅಂಬಿಗರು ಬಾಯಿ ಹಾಕಬಾರದು ಎಂದು ಅಪ್ಪ ನನಗೆ ಹೇಳಿಕೊಟ್ಟಿದ್ದ. ದೋಣಿಯನ್ನು ದಡಕ್ಕೆ ಮುಟ್ಟಿಸುವುದಷ್ಟೇ ನಮ್ಮ ಕೆಲಸ, ಹಿಂತಿರುಗಿ ನೋಡಕೂಡದು ಎನ್ನುತ್ತಿದ್ದ. ಆಸ್ಪತ್ರೆ, ಕೋರ್ಟು, ಸಂತೆ, ಹೆಣ್ಣು ಕೊಟ್ಟವರು, ಹೆಣ್ಣು ತಂದವರು ಎಲ್ಲ ಆಚೆ ದಡದಲ್ಲೇ ಇರುವುದರಿಂದ ದಾಟದೆ ಬದುಕಿಲ್ಲ.

ಮೊದಮೊದಲು ಊರು ಬಹಳ ತಲೆ ಕೆಡಿಸಿಕೊಂಡಿತಂತೆ. ವಯಸ್ಸಾದವರು ಇಳಿಯಲಿ, ಅವರು ಬಾಳಿ ಬದುಕಿದವರು ಎಂದು ಒಂದು ಕಟ್ಟಳೆ ಮಾಡಿದರು. ಆ ವರ್ಷದಿಂದ ಊರಲ್ಲಿ ಅರವತ್ತು ತುಂಬಿದವರೇ ಇಲ್ಲದಂತಾಯಿತು. ಮೊಮ್ಮಕ್ಕಳ ಮದುವೆ ಮಾಡಿದ ಅಜ್ಜಂದಿರೂ ಐವತ್ತೊಂಬತ್ತಕ್ಕೇ ನಿಂತರು. ಎಲ್ಲರಿಗಿಂತ ಕೊನೆಗೆ ಹತ್ತಿದವರು ಇಳಿಯಲಿ ಎಂದಾಗ ಜನ ಹಿಂದಿನ ದಿನವೇ ಬಂದು ದೋಣಿಯಲ್ಲಿ ಚಾಪೆ ಹಾಸಿದರು, ಒಬ್ಬಾಕೆ ಒಲೆಯನ್ನೂ ಹೂಡಿದಳು. ಹೆಚ್ಚು ತೂಕದವರು ಇಳಿಯಲಿ ಎಂದಾಗ ದೋಣಿ ಹತ್ತುವ ಕಡವಿನಲ್ಲಿ ತಕ್ಕಡಿ ಕಟ್ಟಿದರು. ಮೂರು ದಿನ ಉಪವಾಸ ಮಾಡಿ ಬಂದವರು ದೋಣಿಯಲ್ಲೇ ತಲೆಸುತ್ತಿ ಬಿದ್ದರು. ಪಾಪ ಮಾಡಿದವರು ಇಳಿಯಲಿ ಎಂದ ದಿನವಂತೂ ಬೆಳಗ್ಗೆ ನಿಂತ ದೋಣಿ ಸಂಜೆಯಾದರೂ ಕದಲಲಿಲ್ಲ. ಒಬ್ಬೊಬ್ಬರೂ ಪಕ್ಕದವರ ಪಾಪಗಳನ್ನು ಇಸವಿ ಸಮೇತ ಹೇಳುತ್ತಾ ಹೋದರು, ತಮ್ಮದು ಯಾರಿಗೂ ನೆನಪಾಗಲಿಲ್ಲ. ಆವತ್ತು ಕೆಟ್ಟ ನಂಟಸ್ತನಗಳಲ್ಲಿ ಕೆಲವು ಇನ್ನೂ ಸರಿಹೋಗಿಲ್ಲ.

ಹುಲ್ಲಿನ ಮನುಷ್ಯನೊಬ್ಬನನ್ನು ಕಟ್ಟಿ, ಪಂಚೆ ಉಡಿಸಿ, ತೊಟ್ಟಿಲಿಗೆ ಹಾಕಿ ನಾಮಕರಣ ಮಾಡಿ, ಪಂಚಾಯ್ತಿಯ ಮತದಾರರ ಪಟ್ಟಿಗೂ ಸೇರಿಸಿ ನೀರಿಗೆ ಇಳಿಸಿದ್ದುಂಟು. ದೋಣಿ ಅಲುಗಲಿಲ್ಲ. ಅವನ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದು ಎರಡು ಚುನಾವಣೆಯಲ್ಲಿ ಅವನ ಓಟು ಬಿದ್ದಿದೆ. ಇಷ್ಟವಿದ್ದವರು ಇಳಿಯಲಿ ಎಂದು ಬಿಟ್ಟಾಗ ಬೀಗರಿಬ್ಬರು ನಾನಿಳಿಯುತ್ತೇನೆ, ಛೇ ಛೇ ನೀವು ಕೂತಿರಿ, ನಾನಿಳಿಯುತ್ತೇನೆ ಎಂದು ಮರ್ಯಾದೆಗೆ ಜಗಳವಾಡಿ, ಕೊನೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡೇ ನೀರಿಗೆ ಬಿದ್ದರು. ಕೇಳಿದರೆ ನಗು ಬರುತ್ತದೆ, ನನಗೂ ಬರುತ್ತದೆ. ಆದರೆ ಮಳೆಗಾಲದಲ್ಲಿ ಇಳಿದವರೆಲ್ಲ ದಡ ಸೇರಲಿಲ್ಲ. ನನ್ನ ಸೋದರತ್ತೆ ಸೇರಲಿಲ್ಲ. ಅವಳನ್ನು ಇಳಿಸಿ ದೋಣಿ ದಡಕ್ಕೆ ತಂದದ್ದು ನನ್ನ ಅಪ್ಪನೇ.

ಚಿಕ್ಕೀರಯ್ಯ ನಮ್ಮೂರಿಗೆ ಬಂದದ್ದು ಹೆಣ್ಣು ನೋಡಲು. ನೋಡಬೇಕಾಗಿದ್ದ ಹೆಣ್ಣು ನಾನು. ಆಗ ನನಗೆ ಹದಿನೆಂಟು, ಅವನಿಗೆ ಇಪ್ಪತ್ತೈದೋ ಇಪ್ಪತ್ತಾರೋ. ಅಪ್ಪ ದೋಣಿ ತಂದು ನಿಲ್ಲಿಸಿದಾಗ ನಾನು ಈಚೆ ದಡದಲ್ಲಿ ಮುಡಿದ ಹೂವನ್ನು ಸರಿಮಾಡಿಕೊಳ್ಳುತ್ತಾ ನಿಂತಿದ್ದೆ. ಗಂಡು ಎಲ್ಲಿ ಎಂದು ಅಮ್ಮ ಕೇಳಿದರೆ ಅಪ್ಪ ಹೊಳೆಯತ್ತ ಕೈ ತೋರಿಸಿದ. ನಡುಹೊಳೆಯಲ್ಲಿ ಎಲ್ಲರೂ ಎಂದಿನಂತೆ ವಾದಕ್ಕೆ ಕೂತಾಗ ಅವನು, "ಬರೀ ಇಳಿದ್ರೆ ಆಯ್ತಾ? ಅಷ್ಟೇನಾ?" ಎಂದು ಕೇಳಿ ಇಳಿದೇಬಿಟ್ಟನಂತೆ. ಮೈಯೆಲ್ಲ ನೀರು ಸುರಿಸಿಕೊಂಡು ನಗುತ್ತಾ ದಡ ಹತ್ತಿ ಬಂದ. ನನಗೆ ಅಲ್ಲೇ ಒಪ್ಪಿಗೆಯಾದ. ಈ ವಯಸ್ಸಿನಲ್ಲಿ ಅದನ್ನು ಹೇಳಲು ನಾಚಿಕೆ ಯಾಕೆ?

ಊರಿಗೂ ಅವನು ಒಪ್ಪಿಗೆಯಾದ. ಹಿರಿಯರು ಆ ಸಂಜೆಯೇ ಕೂಡಿ, ಇಲ್ಲೇ ಇದ್ದುಬಿಡು, ದಿನಾ ಎರಡು ಹೊತ್ತು ದೋಣಿ ಹತ್ತಿ ನಡುಹೊಳೆಯಲ್ಲಿ ಇಳಿ, ನಿನ್ನ ಊಟ ಬಟ್ಟೆ ಊರಿನದು ಎಂದರು. ಅವನು ನನ್ನ ಕಡೆ ನೋಡಿ ಆಗಲಿ ಎಂದ. ಮರುದಿನ ಅಪ್ಪ ಸಂಬಂಧ ಬೇಡವೆಂದ. "ಇಳಿಯೋನಿಗೆ ಮಗಳನ್ನ ಕೊಡಕ್ಕಾಗತ್ತಾ? ಯಾವತ್ತು ದಡ ಹತ್ತಲ್ಲವೋ ಯಾರಿಗ್ ಗೊತ್ತು" ಎಂದು ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು. ಮಾತು ಕೊಟ್ಟಿದ್ದ ಚಿಕ್ಕೀರಯ್ಯ ಊರಲ್ಲೇ ಉಳಿದ. ನಾನೂ ಬೇರೆ ಗಂಡು ಬೇಡವೆಂದು ಉಳಿದೆ. ಅದೇ ವರ್ಷ ಅಪ್ಪ ಹೋದಮೇಲೆ ದೋಣಿಯಲ್ಲಿ ನಾನು ಹಿಂದೆ ಹುಟ್ಟು ಹಿಡಿದು, ಅವನು ಮುಂದೆ ಅಂಚಿನ ಮೇಲೆ ಕೂತು, ಹೀಗೇ ಮೂವತ್ತೆರಡು ವರ್ಷ ನಡೆಯಿತು.

ಮೊದಲ ವರ್ಷಗಳಲ್ಲಿ ಊರು ಅವನನ್ನು ಚೆನ್ನಾಗಿಯೇ ನೋಡಿಕೊಂಡಿತು. ದಿನಕ್ಕೊಂದು ಮನೆಯ ಸರದಿ. ಸರದಿ ಮನೆಯವರು ಒಣ ಪಂಚೆ ಹಿಡಿದು ದಡದಲ್ಲಿ ಕಾಯುತ್ತಿದ್ದರು, ಅವನು ಈಜಿ ಬಂದಮೇಲೆ ಮೈ ಒರೆಸಲು ಟವೆಲ್ಲು ಕೊಟ್ಟು ಮನೆಗೆ ಕರೆದೊಯ್ದು ಬಿಸಿ ಮುದ್ದೆ ಇಕ್ಕುತ್ತಿದ್ದರು. ಅವನು ಇಳಿಯುವಾಗ ದೋಣಿಯಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಬರಬರುತ್ತಾ ಎದ್ದು ನಿಂತರೆ ದೋಣಿ ವಾಲುತ್ತದೆ ಎಂದು ಕೂತರು. ಪಂಚೆಯನ್ನು ಮರಕ್ಕೆ ನೇತುಹಾಕಿ ಹೋಗುವ ರೂಢಿ ಬಂತು. ಮುದ್ದೆ ಮನೆಯಿಂದ ಜಗುಲಿಗೆ, ಜಗುಲಿಯಿಂದ ಗೇಟಿನ ಮೇಲಿನ ಪೊಟ್ಟಣಕ್ಕೆ ಬಂತು. ಮಕ್ಕಳು ಅವನು ಇಳಿಯುವಾಗ ತಲೆ ಎತ್ತದೆ ಮೊಬೈಲು ನೋಡುತ್ತಿರುತ್ತಿದ್ದವು. ದೋಣಿಯಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ನಾನು ಅವನನ್ನು ಬಿಟ್ಟು ಹೇಳುತ್ತಿದ್ದೆ. ಹೌದು, ನಾನೇ. ಅಪ್ಪ ಹೇಳಿದಂತೆ ನಾನು ಹಿಂತಿರುಗಿಯೂ ನೋಡುತ್ತಿರಲಿಲ್ಲ. ಮೊದಲು ನೋಡಿದರೆ ಅಳು ಬರುತ್ತದೆಂದು ನೋಡುತ್ತಿರಲಿಲ್ಲ, ಆಮೇಲೆ ನೋಡುವುದು ನೆನಪಾಗುತ್ತಿರಲಿಲ್ಲ.

ನಾನು ಹೇಳಹೊರಟದ್ದು ಹೊಳೆ ತುಂಬಿ ಬಂದ ಒಂದು ಬೆಳಗಿನ ಸಂಗತಿ. ಸಾಕಮ್ಮನ ಸೊಸೆ ಜಯಶೀಲಳಿಗೆ ನಸುಕಿನಲ್ಲೇ ನೋವು ಶುರುವಾಗಿತ್ತು. ಮಗು ಅಡ್ಡ ತಿರುಗಿದೆ, ಆಸ್ಪತ್ರೆಗೆ ಹೋಗದೆ ಆಗುವುದಿಲ್ಲ ಎಂದು ನರ್ಸಮ್ಮ ಕೈಚೆಲ್ಲಿದ್ದಳು. ಅತ್ತೆ ಸೊಸೆ ಇಬ್ಬರನ್ನೂ ಹತ್ತಿಸಿಕೊಂಡೆ. ಆಚೆ ದಡದ ಶಾಲೆಯಲ್ಲಿ ನೀತಿಪಾಠ ಹೇಳುವ ಶ್ರೀಕಂಠಯ್ಯ ಮೇಷ್ಟ್ರು ಹತ್ತಿದರು, ಬಟ್ಟೆ ಅಂಗಡಿ ಪುಟ್ಟಸ್ವಾಮಿ ಶೆಟ್ಟರು ಹತ್ತಿದರು, ಸಂತೆಗೆ ಸೊಪ್ಪು ಒಯ್ಯುವ ಹೆಂಗಸರು ನಾಲ್ವರು ಹತ್ತಿದರು. ಚಿಕ್ಕೀರಯ್ಯ ಎಂದಿನಂತೆ ಅಂಚಿನ ಮೇಲೆ ಕೂತ. ನೀರು ಕೆಂಪಗೆ ಕದಡಿ, ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು.

ನಡುಹೊಳೆಯಲ್ಲಿ ದೋಣಿ ನಿಂತಿತು. ಎಷ್ಟೇ ಸೆಳವಿದ್ದರೂ ನಿಂತ ದೋಣಿ ನೆಟ್ಟ ಕಂಬದ ಹಾಗೆ ನಿಲ್ಲುತ್ತದೆ. ಚಿಕ್ಕೀರಯ್ಯ ಟವೆಲ್ಲನ್ನು ತಲೆಗೆ ಬಿಗಿದು ಇಳಿದು ಕೈ ಬಿಟ್ಟ. ನಾನು ಹುಟ್ಟು ಹಾಕಿದೆ. ದೋಣಿ ಹೋಗಲಿಲ್ಲ. ಇನ್ನೊಮ್ಮೆ ಹಾಕಿದೆ, ಹೋಗಲಿಲ್ಲ. ಅಷ್ಟು ದೂರ ತೇಲಿಹೋಗಿದ್ದ ಅವನು ಅದನ್ನು ಕಂಡು ಸೆಳವಿಗೆ ಎದುರಾಗಿ ಈಜಿಕೊಂಡು ಬಂದು ದೋಣಿಯ ಅಂಚು ಹಿಡಿದ.

"ಏನಯ್ಯಾ, ಸರಿಯಾಗಿ ಇಳಿದ್ಯೋ ಇಲ್ವೋ?" ಎಂದು ಶೆಟ್ಟರು ಗದರಿದರು.

"ಪೂರ್ತಿ ಇಳಿದಿದ್ದೆ ಸಾಮಿ. ನೀವೇ ನೋಡುದ್ರಲ್ಲ" ಎಂದ ಅವನು, ತಪ್ಪು ತನ್ನದೇ ಎಂಬಂತೆ. ಮತ್ತೆ ಕೈ ಬಿಟ್ಟ, ತಲೆ ಮುಳುಗಿಸಿದ, ಎರಡು ಮಾರು ದೂರ ಹೋಗಿ ಬಂದ. ದೋಣಿ ಕದಲಲಿಲ್ಲ. ಹುಲ್ಲಿನ ಮನುಷ್ಯನನ್ನು ಇಳಿಸಿದ ದಿನವೂ ದೋಣಿ ಹೀಗೇ ನಿಂತಿತ್ತೆಂದು ಅಪ್ಪ ಹೇಳಿದ್ದ. ಈ ಮನುಷ್ಯ ಇಳಿದರೂ ದೋಣಿಯಲ್ಲಿದ್ದ ಯಾರಿಗೂ ಏನೂ ಕಡಿಮೆಯಾಗಲಿಲ್ಲ, ನನಗೂ ಆಗಲಿಲ್ಲ ಎಂಬುದು ಹೊಳೆಗೆ ಗೊತ್ತಾಗಿಹೋಗಿತ್ತು.

ಜಯಶೀಲ ನೋವಿಗೆ ತುಟಿ ಕಚ್ಚಿ ನರಳಿದಳು. ಬೇರೆಯವರು ಯಾರಾದರೂ ಇಳಿಯಬೇಕು ಎಂಬುದು ಎಲ್ಲರಿಗೂ ಅರ್ಥವಾಯಿತು. ಶೆಟ್ಟರು ತಮಗೆ ಈಜು ಬಾರದು ಎಂದು ಮೊದಲೇ ಹೇಳಿಬಿಟ್ಟರು.

"ಹಾಗೆ ನೋಡುದ್ರೆ ಈಜು ಬಾರದೋರು ಇಳಿದ್ರೇನೇ ಅದು ತ್ಯಾಗ" ಎಂದರು ಮೇಷ್ಟ್ರು ನಿಧಾನವಾಗಿ. "ಈಜು ಬರೋರು ಇಳಿದ್ರೆ ಅದು ಸ್ನಾನ ಅಷ್ಟೇ."

"ಹಂಗಾದ್ರೆ ತ್ಯಾಗ ನೀವೇ ಮಾಡಿ ಮೇಷ್ಟ್ರೇ. ನಿಮಗೂ ಈಜು ಬರಲ್ವಲ್ಲ."

"ನಾನು ಹೋದ್ರೆ ನಾಳೆ ನೀತಿಪಾಠ ಯಾರು ಮಾಡ್ತಾರೆ? ನಲವತ್ತು ಮಕ್ಕಳಿದಾವೆ. ಒಬ್ಬನ ಮಾತಲ್ಲ ಇದು, ನಲವತ್ತರ ಮಾತು." ಮೇಷ್ಟ್ರಿಗೆ ತಮ್ಮ ಮಾತಿನ ಮೇಲೆ ತಮಗೇ ಅನುಮಾನ ಬಂದಿರಬೇಕು, ಕನ್ನಡಕ ತೆಗೆದು ಒರೆಸತೊಡಗಿದರು. ಬಸುರಿಯನ್ನು ದೋಣಿ ಒಬ್ಬಳೆಂದು ಹಿಡಿಯುತ್ತದೋ ಇಬ್ಬರೆಂದೋ ಎಂದು ಸೊಪ್ಪಿನ ಹೆಂಗಸೊಬ್ಬಳು ಕೇಳಿದಳು. ಅವಳ ಪಕ್ಕದವಳು ಅವಳನ್ನು ಸುಮ್ಮನಿರಿಸಿದಳು. ತನಗೆ ಮೂರು ಮಕ್ಕಳು ಎಂದು ಇನ್ನೊಬ್ಬಳು ಯಾರೂ ಕೇಳದೆಯೇ ಹೇಳಿದಳು. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಎಲ್ಲರ ಕಾರಣವೂ ನಿಜವೇ ಆಗಿತ್ತು.

"ನಾನೇ ಇಳಿದುಬಿಡ್ತೀನಿ ಬಿಡಿ" ಎಂದಳು ಜಯಶೀಲ. ಎಲ್ಲರೂ ತಲೆ ತಗ್ಗಿಸಿದರು.

ಅಷ್ಟು ಹೊತ್ತಿಗೆ ಅಂಚು ಹಿಡಿದಿದ್ದ ಚಿಕ್ಕೀರಯ್ಯನ ಕೈ ಎರಡು ಸಲ ಜಾರಿತು. "ಅವನನ್ನ ಮೇಲಕ್ಕಾದರೂ ಎಳ್ಕೊಳ್ರಪ್ಪ" ಎಂದೆ. ಶೆಟ್ಟರೂ ಮೇಷ್ಟ್ರೂ ಸೇರಿ ಎಳೆದುಕೊಂಡರು. ಅಂಚಿನ ಮೇಲೆ ಕೂರುವ ತ್ರಾಣ ಅವನಿಗಿರಲಿಲ್ಲ, ಹಲಗೆಯ ಮೇಲೆ ಸಾಕಮ್ಮನ ಪಕ್ಕ ಕೂರಿಸಿದರು. ಅವನು ಗಡಗಡ ನಡುಗುತ್ತಿದ್ದ. ಸಾಕಮ್ಮ ಸೊಸೆಯ ಬೆನ್ನು ನೀವುತ್ತಿದ್ದವಳು ಅವನ ಕಡೆ ನೋಡಿದಳು.

"ಏನೋ ಇದು, ಇಷ್ಟೊಂದು ಬಡಕಲಾಗಿದ್ದೀಯ. ಏನಾರ ತಿಂದಿದ್ದೀಯೇನೋ?"

ಅವನು ತಲೆಗೆ ಬಿಗಿದಿದ್ದ ಟವೆಲ್ಲನ್ನು ಬಿಚ್ಚಿ ಹಿಂಡಿದ.

"ನಿನ್ನೆ ಯಾರ ಮನೆ ಸರದಿ?"

"ನಿಮ್ಮನೆದೇ ಕಣಮ್ಮ. ಸೊಸೆಗೆ ದಿನ ತುಂಬಿತ್ತಲ್ಲ, ಅದಕ್ಕೇ ಬಾಗಿಲು ತಟ್ಟಲಿಲ್ಲ."

"ಮೊನ್ನೆ?"

ಅವನು ಶೆಟ್ಟರ ಕಡೆ ನೋಡದಂತೆ ಹೊಳೆಯ ಕಡೆ ನೋಡಿದ. ಶೆಟ್ಟರು, ನಾನು ಊರಲ್ಲಿರಲಿಲ್ಲ, ಮನೆಯಲ್ಲಿ ಹೇಳಿಹೋಗಿದ್ದೆ ಎಂದು ತೊದಲಿದರು. ಸಾಕಮ್ಮ ಆಸ್ಪತ್ರೆಗೆಂದು ಕಟ್ಟಿಕೊಂಡಿದ್ದ ಬುತ್ತಿ ಬಿಚ್ಚಿ, ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಅವನ ಕೈಗಿಟ್ಟಳು. ತನ್ನ ಕಂಬಳಿ ತೆಗೆದು ಅವನ ಹೆಗಲಿಗೆ ಹೊದಿಸಿದಳು. ಅವನು ತಿನ್ನುವುದನ್ನು ಇಡೀ ದೋಣಿ ನೋಡುತ್ತಾ ಕೂತಿತ್ತು.

"ನಿಮ್ಮವ್ವ ಚೆನ್ನಾಗಿದ್ದಾಳಾ?" ಎಂದು ಸಾಕಮ್ಮ ಕೇಳಿದಳು.

"ಹೋದ ಶ್ರಾವಣದಲ್ಲಿ ತೀರಿಕೊಂಡ್ಳು."

"ಅಯ್ಯೋ. ಯಾಕಪ್ಪ ಯಾರಿಗೂ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಕಣಮ್ಮ. ಬೆಳಿಗ್ಗೆ ಆಚೆಗ್ ಹೋದೋನು ಹಂಗೇ ಊರಿಗೋಗಿ ಮಣ್ಣು ಮಾಡಿ, ಸಂಜೆ ದೋಣಿಗೆ ಬಂದ್ಬುಟ್ಟೆ."

ಆ ಸಂಜೆ ನನಗೆ ನೆನಪಾಯಿತು. ಅವನು ಬರುವುದು ಸ್ವಲ್ಪ ತಡವಾಗಿತ್ತು. ಜನ ಕಾಯುತ್ತಿದ್ದಾರೆ, ನಿನಗೇನು ಸಮಯದ ಪರಿವೆಯೇ ಇಲ್ಲವಾ ಎಂದು ನಾನು ಎಲ್ಲರೆದುರು ಬೈದಿದ್ದೆ. ಅವನು ಎಂದಿನಂತೆ ಅಂಚಿನ ಮೇಲೆ ಕೂತು, ನಡುಹೊಳೆಯಲ್ಲಿ ಇಳಿದಿದ್ದ. ನಾನು ದೋಣಿ ದಡಕ್ಕೆ ತಂದು, ಮನೆಗೆ ಹೋಗಿ, ಸಾರು ಬಿಸಿ ಮಾಡಿಕೊಂಡು ಉಂಡಿದ್ದೆ. ಹುಟ್ಟು ಹಿಡಿದ ನನ್ನ ಕೈಯ ಮೇಲೆ ನನಗೆ ಅಸಹ್ಯ ಬಂತು.

ರೊಟ್ಟಿ ಮುಗಿಸಿ ಅವನು ಕಂಬಳಿಯನ್ನು ಮಡಿಸಿ ಸಾಕಮ್ಮನ ಕೈಗೆ ಕೊಟ್ಟು ಎದ್ದ. "ಈಗ ಇಳಿದ್ರೆ ಹೋಗ್ತದೆ" ಎಂದ. ಅವನಿಗೂ ಗೊತ್ತಾಗಿತ್ತು. ಎಲ್ಲರಿಗೂ ಗೊತ್ತಾಗಿತ್ತು. ಅವನೀಗ ಒಬ್ಬ ಮನುಷ್ಯನಾಗಿ ಎಲ್ಲರ ಕಣ್ಣೆದುರು ನಿಂತಿದ್ದ; ಈಗ ಇಳಿದರೆ ದೋಣಿ ಬಾಣದಂತೆ ಹೋಗುತ್ತಿತ್ತು. ಆದರೆ ಹಾಗೆ ಕಂಡವನನ್ನು ಆ ನೀರಿಗೆ ಬಿಡುವುದು ಯಾರಿಗೂ ಆಗಲಿಲ್ಲ. ಅವನ ತೋಳಿನಲ್ಲಿ ಇನ್ನೊಂದು ಸಲ ದಡ ಸೇರುವ ಕಸುವು ಉಳಿದಿಲ್ಲವೆಂದು ಯಾರು ನೋಡಿದರೂ ಹೇಳಬಹುದಿತ್ತು. ಶೆಟ್ಟರು ಅವನ ಕೈ ಹಿಡಿದರು. ಮೇಷ್ಟ್ರು, "ಬೇಡಪ್ಪ, ಕೂತ್ಕೊ, ಯೋಚನೆ ಮಾಡೋಣ" ಎಂದರು. ಸಾಕಮ್ಮ ಅವನ ಪಂಚೆಯ ಚುಂಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

ಜಯಶೀಲ ಆಗ ಒಂದು ಸಲ ಕಿರುಚಿದಳು. ಕೂಗು ಎಷ್ಟು ಉದ್ದವಿತ್ತೆಂದರೆ ಅದು ಮುಗಿಯುವಷ್ಟರಲ್ಲಿ ಸಾಕಮ್ಮನ ಮುಷ್ಟಿ ಒಂದಿಷ್ಟು ಸಡಿಲವಾಯಿತು. ನಾನು ಕಣ್ಣಾರೆ ಕಂಡೆ. ಮರುಗಳಿಗೆ ಆಕೆಯೇ ಅದನ್ನು ಕಂಡುಕೊಂಡು ಮತ್ತೆ ಬಿಗಿಹಿಡಿದು ಅಳತೊಡಗಿದಳು. ಆಕೆಯನ್ನು ನಾನು ಯಾವತ್ತೂ ದೂರುವುದಿಲ್ಲ. ಒಂದು ಕೈ ಸೊಸೆಯ ಹೊಟ್ಟೆಯ ಮೇಲಿತ್ತು, ಇನ್ನೊಂದು ಕೈಯಲ್ಲಿ ಈ ಮನುಷ್ಯನ ಪಂಚೆ. ಇಂಥದ್ದನ್ನು ಯಾರಾದರೂ ಹೇಗೆ ತೀರ್ಮಾನ ಮಾಡುತ್ತಾರೆ?

ನಾನು ಎದ್ದೆ. "ಚಿಕ್ಕೀರಯ್ಯ, ಇಲ್ಲಿ ಬಾ. ಇದನ್ನ ಹಿಡ್ಕೊ" ಎಂದು ಹುಟ್ಟನ್ನು ಅವನ ಕಡೆ ಚಾಚಿದೆ.

"ನಂಗೆ ಹುಟ್ಟು ಹಾಕಕ್ಕೆ ಬರಲ್ವಲ್ಲ ಕೆಂಪಾಜಮ್ಮ."

"ಸೆಳವು ಎಲ್ಲೆಲ್ಲಿದೆ ಅಂತ ನಿನಗಿಂತ ಚೆನ್ನಾಗಿ ಯಾರಿಗ್ ಗೊತ್ತು? ನೀರು ಎಳೆದ ಕಡೆಗೆ ಬಿಡು, ದಡ ಹತ್ರ ಬಂದಾಗ ಒತ್ತು. ಅಷ್ಟೇ."

ಅವನು ಬಂದು ಹಿಡಿದುಕೊಂಡ. ಮೂವತ್ತೆರಡು ವರ್ಷದಿಂದ ದಿನಾ ಎರಡು ಹೊತ್ತು ದೋಣಿ ಹತ್ತಿದವನು ದೋಣಿಯಲ್ಲಿ ಕೂತು ದಡ ಮುಟ್ಟಿದ್ದೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಅರ್ಧ ದಾರಿಯಷ್ಟೇ ಅವನ ಪಾಲಿಗೆ ಬಂದಿತ್ತು. ನಾನು ಏನು ಮಾಡಲಿದ್ದೇನೆಂದು ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅಂಬಿಗರು ಇಳಿಯುವುದುಂಟೆಂದು ನಮ್ಮೂರಲ್ಲಿ ಯಾರೂ ಕನಸಿನಲ್ಲೂ ಎಣಿಸಿದವರಲ್ಲ. ಹುಟ್ಟು ಕೈಯಲ್ಲಿಲ್ಲದಿದ್ದರೆ ನಾನೂ ಎಲ್ಲರಂತೆ ಕೂತವಳೇ ಎಂಬುದು ಇಷ್ಟು ವರ್ಷ ನನ್ನ ತಲೆಗೂ ಬಂದಿರಲಿಲ್ಲ, ಅಥವಾ ಬಾರದಂತೆ ನಾನೇ ನೋಡಿಕೊಂಡಿದ್ದೆ. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿದೆ. ಈಜು ನನಗೆ ಚಿಕ್ಕಂದಿನಿಂದ ಬರುತ್ತದೆ, ಆದರೆ ಆ ನಡುಹೊಳೆಯ ನೀರಿಗೆ ನಾನು ಒಂದು ದಿನವೂ ಕಾಲಿಟ್ಟವಳಲ್ಲ. ಇಳಿದು ಕೈ ಬಿಟ್ಟೆ.

ನೀರು ಅಷ್ಟು ತಣ್ಣಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಹೊಡೆತಕ್ಕೆ ಉಸಿರೇ ಸಿಕ್ಕಲಿಲ್ಲ. ಸೆಳವು ಕಾಲು ಹಿಡಿದು ಎಳೆಯಿತು. ತಲೆ ಎತ್ತಿ ನೋಡಿದರೆ ದೋಣಿ ನಿಂತಲ್ಲೇ ಇತ್ತು. ಅವನು ಹುಟ್ಟು ಹಾಕುತ್ತಿರಲಿಲ್ಲ, ಅದನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ನನ್ನ ಗತಿಯೂ ಇಷ್ಟೇ, ನಾನಿಲ್ಲದಿದ್ದರೆ ಆ ದೋಣಿಯಲ್ಲಿ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ ಎಂದುಕೊಂಡೆ. ಅದು ಸಾವಿಗಿಂತ ದೊಡ್ಡ ಹೆದರಿಕೆಯಾಗಿತ್ತು. ಅವನು ಹುಟ್ಟನ್ನು ಕೆಳಗಿಟ್ಟು ನನ್ನ ಹಿಂದೆ ಧುಮುಕಲು ಕಾಲೆತ್ತಿದ. "ಹುಟ್ಟು ಹಿಡಿ" ಎಂದು ಕೂಗಿದೆ, ಬಾಯಿಗೆ ನೀರು ನುಗ್ಗಿತು. "ಹುಡುಗಿ ಸಾಯ್ತಾಳೆ, ಹುಟ್ಟು ಹಿಡಿ" ಎಂದು ಮತ್ತೆ ಕೂಗಿದೆ. ಅವನು ಒಮ್ಮೆ ಜಯಶೀಲಳ ಕಡೆ ನೋಡಿದ, ಒಮ್ಮೆ ನನ್ನ ಕಡೆ. ಆಮೇಲೆ ಬಗ್ಗಿ ಹುಟ್ಟನ್ನು ಎತ್ತಿಕೊಂಡು ನೀರಿಗೆ ಹಾಕಿದ. ದೋಣಿ ಕದಲಿತು.

ಆ ಮಗು ಉಳಿಯಿತು, ಹೆಣ್ಣು ಮಗು; ಜಯಶೀಲಳೂ ಉಳಿದಳು. ನಾನು ಎರಡು ಮೈಲಿ ಕೆಳಗೆ ಬಿದಿರು ಮೆಳೆಗೆ ಸಿಕ್ಕಿಕೊಂಡು ದಡ ಹತ್ತಿದೆ. ಇನ್ನುಮುಂದೆ ಯಾರು ಇಳಿಯಬೇಕೆಂದು ಊರ ಹಿರಿಯರು ಮತ್ತೆ ಕೂಡಿ ಮಾತಾಡುತ್ತಿದ್ದಾರೆ, ಇನ್ನೂ ಮುಗಿದಿಲ್ಲ. ಇದೆಲ್ಲ ಆಮೇಲಿನ ಸಂಗತಿ. ಆಗ ನೀರಿನೊಳಗಿಂದ ನನಗೆ ಕಂಡದ್ದು ದೂರವಾಗುತ್ತಿದ್ದ ದೋಣಿ ಮತ್ತು ಅದನ್ನು ನಡೆಸುತ್ತಿದ್ದ ಅವನು. ಅವನು ಹಿಂತಿರುಗಿ ನನ್ನ ಕಡೆಗೇ ನೋಡುತ್ತಿದ್ದ, ಚಿಕ್ಕ ಮಗುವಿನಂತೆ ಬಾಯಿ ತೆರೆದು ಅಳುತ್ತಾ ಹುಟ್ಟು ಹಾಕುತ್ತಿದ್ದ. ಮೂವತ್ತೆರಡು ವರ್ಷ ನಾನು ಅದೇ ಹುಟ್ಟನ್ನು ಒಂದು ದಿನವೂ ಅಳದೆ ಹಾಕಿದ್ದೆ.